ನೀರಿನ ಬಾಟಲಿಯ ಋಣ



ಬಾವಿಯ ಬಳಿ ಯೇಸುಸ್ವಾಮಿಯೊಡನೆ ಮಾತನಾಡಿದ ಸಮಾರಿಯದ ಮಹಿಳೆ ತನ್ನ ಕೊಡವನ್ನು ಅಲ್ಲಿಯೇ ಬಿಟ್ಟು ಊರಿಗೆ ಹೋದಳೆಂದು ಸಂತ ಯೊವಾನ್ನರ ಶುಭಸಂದೇಶ ತಿಳಿಸುತ್ತದೆ. ಆ ಕೊಡವನ್ನು ‘ಮರುಬಳಕೆಯ ಕೊಡ’ ಎಂದು ಯಾರೂ ಕರೆಯಲಿಲ್ಲ. ನೀರಿನ ಪಾತ್ರೆ ಎಂದರೆ ಮತ್ತೆ ಮತ್ತೆ ತುಂಬುವ ಪಾತ್ರೆಯೇ ಎಂಬುದು ಮಾನವ ಇತಿಹಾಸದ ಬಹುಪಾಲು ಕಾಲ ಹೇಳಬೇಕಾದ ಮಾತೇ ಆಗಿರಲಿಲ್ಲ. ಎಸೆಯುವ ಬಾಟಲಿ ಬಂದ ಮೇಲಷ್ಟೇ ಎಸೆಯದ ಬಾಟಲಿಗೆ ಒಂದು ವಿಶೇಷಣ ಬೇಕಾಯಿತು.

ಈ ಬದಲಾವಣೆ ನಡೆದದ್ದು ಬಹಳ ಹಿಂದೇನಲ್ಲ. 1933ರಲ್ಲಿ ಇಂಗ್ಲೆಂಡಿನ ಐ.ಸಿ.ಐ. ಕಂಪನಿಯ ಪ್ರಯೋಗಾಲಯದಲ್ಲಿ ಆಕಸ್ಮಿಕವಾಗಿ ಪಾಲಿಥೀನ್ ದೊರೆಯಿತು. 1941ರಲ್ಲಿ ಅದೇ ದೇಶದ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ವಿಜ್ಞಾನಿಗಳು ಬಟ್ಟೆಯ ನೂಲಿಗಾಗಿ ‘ಪೆಟ್’ ಎಂಬ ವಸ್ತುವನ್ನು ರೂಪಿಸಿದರು. ಇಂದು ಮಕ್ಕಳ ಶಾಲಾಚೀಲದಲ್ಲಿರುವ ಬಹಳಷ್ಟು ಬಾಟಲಿಗಳ ಮೂಲವಸ್ತುವಾದ ಪಾಲಿಪ್ರೊಪಿಲೀನ್‌ನ ಉಪಯುಕ್ತ ರೂಪ 1954ರಲ್ಲಿ ಇಟಲಿಯಲ್ಲಿ ಸಿದ್ಧವಾಯಿತು. 1973ರಲ್ಲಿ ಅಮೆರಿಕದ ನಥಾನಿಯಲ್ ವಯೆತ್ ಪೆಟ್ ಬಾಟಲಿಗೆ ಪೇಟೆಂಟ್ ಪಡೆದರು. ಹಗುರವೂ ಅಗ್ಗವೂ ಒಡೆಯದ್ದೂ ಆದ ಆ ಬಾಟಲಿಯನ್ನು ಅಂಗಡಿಗೆ ಮರಳಿಸುವ ಅಗತ್ಯವೇ ಉಳಿಯಲಿಲ್ಲ. ಖಾಲಿ ಬಾಟಲಿಯನ್ನು ಮರಳಿಸಿಯೇ ಹೋಗಬೇಕಾಗಿದ್ದ ಗೋಲಿ ಸೋಡಾದ ಕಾಲ ನಮ್ಮಲ್ಲಿ ಹಿರಿಯರಿಗೆ ನೆನಪಿದ್ದೀತು.

ಆದರೆ ಬಾಟಲಿಯ ನಿಜವಾದ ಬೆಲೆಯನ್ನು ಎಣಿಸುವ ಪ್ರಯತ್ನವೂ ಅದೇ ಕಾಲದಲ್ಲಿ ಆರಂಭವಾಯಿತು. 1969ರಲ್ಲಿ ಕೋಕ-ಕೋಲ ಕಂಪನಿಯು ಅಮೆರಿಕದ ಮಿಡ್‌ವೆಸ್ಟ್ ಸಂಶೋಧನಾ ಸಂಸ್ಥೆಯಿಂದ ಒಂದು ಅಧ್ಯಯನ ಮಾಡಿಸಿತು. ಕಚ್ಚಾವಸ್ತುವಿನಿಂದ ಹಿಡಿದು ಕಸವಾಗುವವರೆಗೆ ಒಂದು ಪಾತ್ರೆ ಎಷ್ಟು ಇಂಧನ ಬೇಡುತ್ತದೆ, ಎಷ್ಟು ಮಲಿನತೆ ಉಂಟುಮಾಡುತ್ತದೆ ಎಂಬುದೇ ಅದರ ಪ್ರಶ್ನೆ. ಆ ವರದಿ ಪೂರ್ಣವಾಗಿ ಪ್ರಕಟವಾಗಲಿಲ್ಲ. ಅದೇ ದಾರಿಯಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1974ರಲ್ಲಿ ಹೊರತಂದ ಅಧ್ಯಯನವು ಹತ್ತು ಬಾರಿ ಮರಳಿ ತುಂಬಿದ ಗಾಜಿನ ಬಾಟಲಿಯ ಹೊರೆಯೇ ಕಡಿಮೆ ಎಂದು ಕಂಡುಕೊಂಡಿತು. ಗಾಜು ಭಾರವಾದ ವಸ್ತು. ಅದನ್ನು ಕರಗಿಸಲು ಅಪಾರ ಶಾಖ ಬೇಕು. ಆದರೂ ಅದು ಗೆದ್ದದ್ದು ಹತ್ತು ಸಲ ತುಂಬಿದ್ದರಿಂದ. ಜರ್ಮನಿಯ ಖನಿಜಜಲ ಉತ್ಪಾದಕರು 1969ರಲ್ಲಿಯೇ ತಮ್ಮೆಲ್ಲರಿಗೂ ಒಂದೇ ಮಾದರಿಯ ಗಾಜಿನ ಬಾಟಲಿಯನ್ನು ಒಪ್ಪಿಕೊಂಡಿದ್ದರು. ಯಾವ ಕಂಪನಿಯ ಬಾಟಲಿಯಾದರೂ ತೊಳೆದು ಮತ್ತೆ ತುಂಬಬಹುದಾದ ಏರ್ಪಾಡು ಅದು.

ಅಂದು ಎಣಿಸಿದ್ದು ಇಂಧನವನ್ನು, ಕಸವನ್ನು. ಭೂಮಿಯ ಬಿಸಿ ಏರುತ್ತಿರುವುದು ಸ್ಪಷ್ಟವಾದಂತೆ ಅದೇ ಎಣಿಕೆ ಇಂಗಾಲದ ಲೆಕ್ಕವಾಗಿ ಬೆಳೆಯಿತು. ಆ ಲೆಕ್ಕವನ್ನು ನಮ್ಮ ಮನೆಯ ಬಾಟಲಿಗೂ ಸ್ಥೂಲವಾಗಿ ಅನ್ವಯಿಸಬಹುದು. ಅಂಗಡಿಯ ಒಂದು ಲೀಟರ್ ನೀರಿನ ಖಾಲಿ ಬಾಟಲಿ 20ರಿಂದ 25 ಗ್ರಾಂ ತೂಗುತ್ತದೆ. ಒಂದು ಕಿಲೋ ಪ್ಲಾಸ್ಟಿಕ್ ತಯಾರಿಸಿ ಅಚ್ಚಿಗೆ ಹಾಕುವಷ್ಟರಲ್ಲಿ ಸುಮಾರು 3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ ಎಂದಿಟ್ಟುಕೊಂಡರೆ, ಆ ಬಾಟಲಿಯ ಪಾಲು 60ರಿಂದ 75 ಗ್ರಾಂ. 120 ಗ್ರಾಂ ತೂಗುವ ಮರುಬಳಕೆಯ ಬಾಟಲಿಯ ಪಾಲು ಸುಮಾರು 360 ಗ್ರಾಂ. ಅಂದರೆ ಅದು ಹುಟ್ಟುವಾಗಲೇ ಐದಾರು ಪಟ್ಟು ಸಾಲ ಹೊತ್ತು ಬರುತ್ತದೆ. ಆರು ಬಾರಿ ತುಂಬಿದಾಗ ಆ ಸಾಲ ತೀರುತ್ತದೆ. ಏಳನೆಯ ಬಾರಿಯಿಂದ ಉಳಿತಾಯ. ಸ್ಟೀಲ್ ಬಾಟಲಿಯ ಸಾಲ ಇನ್ನೂ ದೊಡ್ಡದು. ಅದು ತೀರಲು 25ರಿಂದ 30 ಬಾರಿ ತುಂಬಬೇಕಾದೀತು; ಆದರೆ ಅದರ ಆಯುಸ್ಸೂ ದೀರ್ಘ.

ಒಂದು ಮಗು 200 ಶಾಲಾದಿನ ಒಂದೇ ಬಾಟಲಿಯನ್ನು ಒಯ್ದರೆ, 200 ಎಸೆಯುವ ಬಾಟಲಿಗಳ ಸುಮಾರು 13 ಕಿಲೋ ಹೊರೆಯ ಬದಲು ಆ 360 ಗ್ರಾಂ ಮಾತ್ರ ಭೂಮಿಯ ಮೇಲೆ ಬೀಳುತ್ತದೆ. ಆದರೆ ಈ ಉಳಿತಾಯ ತಾನಾಗಿ ಬರುವುದಿಲ್ಲ. ಜೂನ್ ಬಂತೆಂದು ಕೊಂಡ ಹೊಸ ಬಾಟಲಿ, ಹಬ್ಬ-ಸಮ್ಮೇಳನಗಳಲ್ಲಿ ಕಾಣಿಕೆಯಾಗಿ ಬಂದು ಕಪಾಟಿನಲ್ಲಿ ಸಾಲಾಗಿ ನಿಂತ ಬಾಟಲಿಗಳು, ಇವು ಯಾವ ಸಾಲವನ್ನೂ ತೀರಿಸುವುದಿಲ್ಲ. ಒಮ್ಮೆಯೂ ತುಂಬದ ಮರುಬಳಕೆಯ ಬಾಟಲಿ ಎಸೆಯುವ ಬಾಟಲಿಗಿಂತಲೂ ದುಬಾರಿ.

ತೊಳೆಯುವುದರಲ್ಲಿಯೂ ಲೆಕ್ಕವಿದೆ. ಒಂದು ಲೀಟರ್ ನೀರನ್ನು ವಿದ್ಯುತ್ತಿನಿಂದ 40 ಡಿಗ್ರಿಯಷ್ಟು ಬಿಸಿಮಾಡಿದರೆ ನಮ್ಮ ದೇಶದಲ್ಲಿ ಸುಮಾರು 30 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಇಲ್ಲಿಯ ವಿದ್ಯುತ್ತಿನ ಹೆಚ್ಚಿನ ಪಾಲು ಕಲ್ಲಿದ್ದಲಿನಿಂದಲೇ ಬರುವುದು ಇದಕ್ಕೆ ಕಾರಣ. ಹೀಗೆ ಹನ್ನೆರಡು ಬಾರಿ ತೊಳೆಯುವಷ್ಟರಲ್ಲಿ ಬಾಟಲಿಯ ತಯಾರಿಕೆಯಷ್ಟೇ ಹೊರೆ ಮತ್ತೊಮ್ಮೆ ಸೇರಿಬಿಡುತ್ತದೆ. ಹಸುಗೂಸುಗಳ ಮತ್ತು ರೋಗಿಗಳ ಬಾಟಲಿಗಳ ಮಾತು ಬೇರೆ. ಉಳಿದವರ ದಿನನಿತ್ಯದ ಬಾಟಲಿಗೆ ಸಾಬೂನು, ತಣ್ಣೀರು, ಒಂದು ಬ್ರಷ್ಷು ಸಾಕು. ಚೆನ್ನಾಗಿ ಒಣಗಿಸುವುದನ್ನು ಮಾತ್ರ ಮರೆಯಬಾರದು.

ಜಗದ್ಗುರು ಫ್ರಾನ್ಸಿಸ್‌ರವರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಪ್ಲಾಸ್ಟಿಕ್ ಬಳಕೆಯನ್ನು ತಗ್ಗಿಸುವುದು, ವಸ್ತುವನ್ನು ಕೂಡಲೇ ಎಸೆಯದೆ ಮತ್ತೆ ಬಳಸುವುದು ಮುಂತಾದ ಸಣ್ಣ ಕಾರ್ಯಗಳನ್ನು ಪ್ರೀತಿಯ ಕಾರ್ಯಗಳ ಸಾಲಿಗೆ ಸೇರಿಸಿದರು. 1974ರ ಆ ಅಧ್ಯಯನದ ಅಂಕಿಗಳೂ ಇದೇ ದಿಕ್ಕನ್ನು ತೋರಿಸುತ್ತವೆ: ಪಾತ್ರೆ ಯಾವುದರಿಂದ ಆಗಿದೆ ಎಂಬುದಕ್ಕಿಂತ ಅದು ನಮ್ಮೊಡನೆ ಎಷ್ಟು ಕಾಲ ಉಳಿಯಿತು ಎಂಬುದೇ ಮುಖ್ಯ. ಬಿಸಿಲಿನ ತಾಪ ಮೊದಲು ತಟ್ಟುವುದು ಹೊಲದಲ್ಲಿ ದುಡಿಯುವವರಿಗೆ, ದೂರದಿಂದ ನೀರು ಹೊರುವ ತಾಯಂದಿರಿಗೆ. ನಮ್ಮ ಅಜಾಗರೂಕತೆಯ ಸಾಲವನ್ನು ಅವರು ತೀರಿಸುವಂತಾಗಬಾರದು.

ಆದುದರಿಂದ ಮುಂದಿನ ಬಾಟಲಿಯನ್ನು ಕೊಳ್ಳುವ ಮುನ್ನ ಮನೆಯ ಕಪಾಟನ್ನು ಒಮ್ಮೆ ತೆರೆದು ನೋಡಿ. ಧರ್ಮಕೇಂದ್ರದ ಹಬ್ಬಕ್ಕೆ ನೀರಿನ ಬಾಟಲಿಗಳ ಪೆಟ್ಟಿಗೆಗಳನ್ನು ತರಿಸುವ ಮುನ್ನ ಒಂದು ಹಂಡೆ ನೀರು, ತೊಳೆದಿಟ್ಟ ಸ್ಟೀಲ್ ಲೋಟಗಳು ಸಾಲವೇ ಎಂದು ಪಾಲನಾ ಸಮಿತಿಯಲ್ಲಿ ವಿಚಾರಿಸಿ. ಇರುವುದನ್ನೇ ತುಂಬಿಸಿಕೊಳ್ಳೋಣ, ಬಿರುಕು ಬಿಡುವವರೆಗೆ ಬಳಸೋಣ.