ಕೆಮ್ಮಿದ ಎಂಜಿನ್

೧೯೨೭ನೆಯ ಇಸವಿ ಮೇ ತಿಂಗಳಲ್ಲಿ ಚಾರ್ಲ್ಸ್ ಲಿಂಡ್‌ಬರ್ಗನು ನ್ಯೂಯಾರ್ಕಿನಿಂದ ಪ್ಯಾರಿಸಿಗೆ ಒಬ್ಬನೇ, ಎಲ್ಲಿಯೂ ಇಳಿಯದೆ, ೩೩½ ಗಂಟೆಗಳಲ್ಲಿ ಹಾರಿದುದು ಲೋಕವಿದಿತವಾದ ಸಂಗತಿ. ಆ ವಿಜಯದ ಒಂದು ಪಾಲು ಹತ್ತು ದಿನ ಮೊದಲೇ, ಅಮೆರಿಕದ ಬೆಟ್ಟಗಳ ಮೇಲೆ ಸಿದ್ಧವಾಯಿತೆಂಬುದನ್ನು ಬಲ್ಲವರು ವಿರಳ.

ಮೇ ೧೦ರಂದು ಸಾನ್ ಡಿಯೇಗೋದಿಂದ ಸೇಂಟ್ ಲೂಯಿಗೆ ಹೊರಟ ಅವನ ವಿಮಾನವು ರಾತ್ರಿ ಪರ್ವತಗಳನ್ನು ಸಮೀಪಿಸಿದಾಗ ಎಂಜಿನ್ ಕೆಮ್ಮತೊಡಗಿತು, ವಿಮಾನವೆಲ್ಲ ನಡುಗಿತು. ಇದ್ದುದು ಒಂದೇ ಎಂಜಿನ್. ಇಳಿಯಲು ತಕ್ಕ ನೆಲವಿಲ್ಲ. ಆತನು ಧೈರ್ಯಗುಂದದೆ ಸುತ್ತುಹಾಕುತ್ತ, ಪೆಟ್ರೋಲ್ ಮತ್ತು ಗಾಳಿಯ ಬೆರಕೆಯನ್ನು ಹೆಚ್ಚುಕಡಮೆ ಮಾಡಿ ನೋಡಿದನು. ಎಂಜಿನ್ ಕ್ರಮೇಣ ಚೇತರಿಸಿತು. ಮೇಲೇರಿ ಬೆಟ್ಟಗಳನ್ನು ದಾಟಿದನು.

ದೋಷವೆಲ್ಲಿತ್ತು? ಪರ್ವತದ ತಣ್ಣನೆಯ ಗಾಳಿಯೇ ಕಾರಣವೆಂದು ಅವನು ತರ್ಕಿಸಿದನು. ಮಣ್ಣಿನ ಹೂಜಿಯ ಮೈಯಿಂದ ಆವಿಯಾಗುವ ನೀರು ಒಳಗಿನ ನೀರನ್ನು ತಣಿಸುವುದಷ್ಟೆ. ಹಾಗೆಯೇ ಕಾರ್ಬ್ಯುರೇಟರಿನಲ್ಲಿ ಆವಿಯಾಗುವ ಪೆಟ್ರೋಲ್ ಸುತ್ತಲಿನ ಶಾಖವನ್ನು ಹೀರುತ್ತದೆ. ಗಾಳಿಯ ತೇವವು ಅಲ್ಲಿ ಮಂಜುಗಡ್ಡೆಯಾಗಿ ದಾರಿಯನ್ನು ಕಿರಿದುಮಾಡುತ್ತದೆ; ಎಂಜಿನ್ನಿಗೆ ಉಸಿರುಕಟ್ಟುತ್ತದೆ. ಹೊರಗೆ ನೀರು ಹೆಪ್ಪುಗಟ್ಟದ ಹವೆಯಲ್ಲಿಯೂ ಹೀಗಾಗಬಹುದು.

ನ್ಯೂಯಾರ್ಕಿನಲ್ಲಿ, ಕಾರ್ಬ್ಯುರೇಟರಿಗೆ ಹೋಗುವ ಗಾಳಿಯನ್ನು ಬಿಸಿಮಾಡುವ ಉಪಕರಣವನ್ನು ಜೋಡಿಸಲಾಯಿತು. ಎಂಜಿನ್ ತಾನಾಗಿ ಚೇತರಿಸಿತಲ್ಲಾ ಎಂದು ಅವನು ಆ ರಾತ್ರಿಯನ್ನು ಮರೆತಿದ್ದರೆ, ಅಟ್ಲಾಂಟಿಕ್ ಮೇಲಣ ಶೀತಲ ಮೇಘಗಳಲ್ಲಿ ಏನಾಗುತ್ತಿತ್ತೋ! ಅಪಾಯವನ್ನು ಲೆಕ್ಕಿಸದವನನ್ನು ನಾವು ಸಾಹಸಿಯೆಂದು ಹೊಗಳುತ್ತೇವೆ. ಒಂದು ಕೆಮ್ಮನ್ನು ಲಕ್ಷ್ಯಕ್ಕೆ ತಂದುಕೊಂಡವನು ಸಾಗರವನ್ನು ದಾಟಿದನು.