ಲೇಥಿನ ಎಣ್ಣಿ ಅಡಗಿಮನಿಗೆ ಬರಬಾರದು

ವೈನಿಯಾರ, ಅಕ್ಕಾರ, ನಮ್ಮ ಹಿತ್ತಲ ಶೆಡ್ಡಿನ್ಯಾಗ ಲೇಥ್ ಇರೋದು ನಿಮಗೆಲ್ಲಾ ಗೊತ್ತೈತಿ. ಹರಿಹರದಾಗ ತಯಾರಾದ ಹಳೇ ಮಷಿನ್ ಅದು. 1941ರಾಗ ಮೈಸೂರು ಕಿರ್ಲೋಸ್ಕರ್ ಕಂಪನಿ ಹರಿಹರದಾಗ ಸುರು ಆತು, ಅಲ್ಲಿಯ ಲೇಥುಗಳು ನಮ್ಮ ಕಡೆ ಬಾಳ ಮಂದಿಗೆ ಅನ್ನ ಹಾಕ್ಯಾವ. ನಮಗೂ ಹಾಕೈತಿ. ಆದ್ರ ಅದರ ಎಣ್ಣಿ ನನ್ನ ಅಂಗಳಾ, ಬಟ್ಟಿ, ಬಾಗಿಲಾ ಎಲ್ಲಾ ಹಿಡಿದಿತ್ತು.

ಈ ಎಣ್ಣಿ ಯಾಕ ಬೇಕು? ಕಬ್ಬಿಣಾ ಕೊರೀವಾಗ ಬಾಳ ಬಿಸಿ ಆಗ್ತದ, ಉಳಿಯ ಮೂತಿ ಲಗೂ ಸವೀತದ. ಅಮೇರಿಕಾದಾಗ ಫ್ರೆಡರಿಕ್ ಟೇಲರ್ ಅನ್ನೋರು 1880ರ ದಶಕದಾಗ ಕೊರಿಯೋ ಜಾಗಾಕ್ಕ ಧಾರಿ ಕಟ್ಟಿ ನೀರು ಬಿಟ್ಟು ನೋಡಿದ್ರು. ಕೆಲಸದ ವೇಗ ನೂರಕ್ಕ ಮೂವತ್ತು ನಾಲ್ವತ್ತು ಹೆಚ್ಚಾತು. ಬರೇ ನೀರಿಗೆ ಜಂಗ್ ಹಿಡಿತದಂತ ಸೋಡಾ ಕಲಿಸಿದ್ರು. ಆಮೇಲೆ ನೀರಿನ್ಯಾಗ ಕಲಿಯೋ ಎಣ್ಣಿ ಬಂತು, ನೋಡಾಕ ಥೇಟ್ ಹಾಲು.

ಆದ್ರ ಆ ಎಣ್ಣಿಯೊಳಗ ದುಃಖದ ಕಥಿನೂ ಐತಿ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆ ಹತ್ತಿ ಗಿರಣಿಯ ನೂಲುಗಾರರ ಪ್ಯಾಂಟಿಗೆ ದಿನಾಲೂ ಮಷಿನ್ ಎಣ್ಣಿ ಸಿಡೀತಿತ್ತು. ಎಣ್ಣಿ ನೆಂದ ಬಟ್ಟಿ ಮೈಗೆ ಹತ್ತಿ ವರ್ಷಗಟ್ಟಲೆ ಇದ್ದು, ಹೇಳಾಕ ನಾಚಿಕಿ ಬರೋ ಜಾಗಾದಾಗ ಕ್ಯಾನ್ಸರ್ ಆತು. 1922ರಾಗ ಇಬ್ಬರು ಡಾಕ್ಟರು ಇದನ್ನ ಬರದು ತೋರಿಸಿದ್ರು. ಅಲ್ಲಿ ಸರಕಾರ ಅದಕ್ಕಂತ ನಿಯಮಾ ಮಾಡಿದ್ದು 1953ರಾಗ. ಅದs ವರ್ಷ ಬೆಂಗಳೂರಾಗ ಎಚ್‌ಎಂಟಿ ಹುಟ್ಟಿತು. ಮೂವತ್ತೊಂದು ವರ್ಷ ನೋಡ್ರಿ, ಎಷ್ಟ ಮನಿ ಆಗಿರಬೇಕು!

ಈಗಿನ ಎಣ್ಣಿ ಚಲೋ ಶುದ್ಧ ಮಾಡಿರ್ತಾರ. ಆದ್ರೂ ನಮ್ಮವರ ಕೈಮ್ಯಾಲೆ ಕೆಂಪು ಗುಳ್ಳಿ ಎದ್ದು ತುರಿಕಿ ಸುರು ಆದಾಗ ಡಾಕ್ಟರು ಎಣ್ಣಿ ಕಡೇನ ಬೆರಳು ತೋರಿಸಿದ್ರು. ಅವರ ಬನಿಯನ್ ನಾನು ಮೊಮ್ಮಗಳ ಫ್ರಾಕಿನ ಜೋಡಿ ತೊಳೀತಿದ್ದೆ. ಆ ರಾತ್ರಿ ನನಗ ನಿದ್ದಿ ಬರಲಿಲ್ಲ.

ಆವತ್ತಿಂದ ನಮ್ಮನಿ ಕಾಯ್ದೆ ಹಿಂಗೈತಿ. ಶೆಡ್ಡಿನ ಬಟ್ಟಿ ಶೆಡ್ಡಿನ್ಯಾಗ ಬಿಚ್ಚಬೇಕು, ಬ್ಯಾರೆ ಬಕೆಟ್ಟಿನ್ಯಾಗ ತೊಳಿಬೇಕು. ಚಪ್ಪಲ್ ಹೊರಗ. ಕೈಗೆ ಸೀಮೆಎಣ್ಣಿ ಬ್ಯಾಡ, ಅದು ಚರ್ಮ ಇನ್ನೂ ಒಣಗಸ್ತದ, ಸಾಬೂನು ಸಾಕು. ನೆಲಾಕ್ಕ ಚೆಲ್ಲಿದ್ದರ ಮ್ಯಾಲೆ ಕಟಿಗಿ ಹೊಟ್ಟು ಉದುರಿಸಿ, ಹೀರಿದ ಮ್ಯಾಲೆ ಬಳೀಬೇಕು. ಕಬ್ಬಿಣದ ಸುರುಳಿ ಬರಿಗೈಲೆ ಹಿಡದ್ರ ಬ್ಲೇಡ್ ಇದ್ದಂಗ, ಬ್ರಷ್ ಬೇಕs ಬೇಕು. ಎಣ್ಣಿ ಅರಿವಿ ಒಲಿ ಹತ್ರ ಇಡಬಾರದು, ಮುಚ್ಚಳ ಇದ್ದ ತಗಡಿನ ಡಬ್ಬಿನ್ಯಾಗ ಹಾಕಬೇಕು.

ಹಾಲಿನಂಥ ನೀರು ಮಾಡೋವಾಗ ಮೊದಲ ನೀರು, ಆಮೇಲೆ ಎಣ್ಣಿ. ತಿರುಗಿ ಮಾಡಿದ್ರ ಒಡೀತದ. ನಾಕ ದಿನಾ ಲೇಥ್ ನಿಂತ್ರ ಆ ನೀರಿನ್ಯಾಗ ಕ್ರಿಮಿ ಬೆಳದು ಕೊಳತ ತತ್ತಿ ವಾಸನಿ ಬರ್ತದ. ಹಂಗ ನಾತ ಹೊಡದ್ರ ಟ್ಯಾಂಕ್ ತೊಳದು ಹೊಸದು ಹಾಕ್ರಿ. ಹಳೇದನ್ನ ಗಟಾರಕ್ಕ ಸುರೀಬ್ಯಾಡ್ರಿ, ಅದು ಯಾರದೋ ಬಾವಿ ಸೇರ್ತದ. ನಾವು ಡಬ್ಬಿನ್ಯಾಗ ಕೂಡಿಸಿ ಹಳೇ ಎಣ್ಣಿ ಒಯ್ಯೋರಿಗೆ ಕೊಡ್ತೀವಿ.

ಮೊದಮೊದಲ ನಮ್ಮವರು "ನೀ ಏನ ಇನ್‌ಸ್ಪೆಕ್ಟರ್ ಆಗಿ ಬಂದೀ ಏನ?" ಅಂತ ನಗತಿದ್ರು. ಈಗ ಅವರ ಕೈ ಮ್ಯಾಲಿನ ಗುಳ್ಳಿ ಇಳದಾವ. ಮೊಮ್ಮಗಳು ಓಡಿ ಬಂದ್ರ ಮೊದಲ ಕೈ ತೊಳದs ಎತ್ತಗೋತಾರ. ನನಗ ಅಷ್ಟ ಸಾಕು.