ಮಾರಾಟಕ್ಕಿದ್ದ ಜೀಪು ಹೇಳಿದ ಇತಿಹಾಸ



ಇತಿಹಾಸ ಎಂದೊಡನೆ ನಿಮಗೆ ಶಾಸನ, ತಾಳೆಗರಿ, ಕೋಟೆ ಕೊತ್ತಲಗಳು ನೆನಪಾಗುತ್ತವೆ. ಆದರೆ ಮನೆಯ ಮುಂದೆ ನಿಂತ ಹಳೆಯ ವಾಹನವೂ ಇತಿಹಾಸದ ಆಕರವಾಗಬಲ್ಲದು. ಅದನ್ನು ಓದುವ ಬಗೆ ನಮಗೆ ತಿಳಿದಿರಬೇಕು.

ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆಂದು ಜಯನಗರದಲ್ಲಿ ಸುತ್ತುತ್ತಿದ್ದಾಗ ಹೊಂಗೆ ಮರದ ನೆರಳಲ್ಲಿ ಒಂದು ಜೀಪು ಕಂಡಿತು. ಗಾಜಿನ ಮೇಲೆ ‘1944ರ ಮಿಲಿಟರಿ ಜೀಪು, ಮಾರಾಟಕ್ಕಿದೆ’ ಎಂಬ ಚೀಟಿ ಇತ್ತು. ಮನೆಯನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿಸುವವರಿದ್ದರು. ಜೀಪಿಗೆ ಇನ್ನು ಜಾಗವಿರಲಿಲ್ಲ. ಬಣ್ಣ ಮಾಸಿದ್ದರೂ ತುಕ್ಕು ಹಿಡಿದಿರಲಿಲ್ಲ. “ಯುದ್ಧದಲ್ಲಿ ಓಡಿದ ಗಾಡಿ ಸಾರ್, ನಮ್ಮ ತಂದೆಯವರು ಹೇಳುತ್ತಿದ್ದರು” ಎಂದರು ಮನೆಯ ಯಜಮಾನರು. ನೋಂದಣಿ ಪುಸ್ತಕದಲ್ಲಿ 1964 ಎಂದಿತ್ತು. ಸೇನೆಯಿಂದ ಹೊರಬಂದ ಮೇಲೆ ನೋಂದಾಯಿಸಿದ್ದು ಎಂಬುದು ಅವರ ವಿವರಣೆ. ಹಾಗಾದರೆ ನಿಜ ಯಾವುದು?

ಅವರ ಮಾತು ಅಸಂಭವವೇನಲ್ಲ. 1940ರಲ್ಲಿ ಅಮೆರಿಕದ ಸೇನೆಗೆ ಹಗುರವಾದ, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಸಿಗುವ ವಾಹನ ಬೇಕಾಯಿತು. ಬ್ಯಾಂಟಮ್ ಎಂಬ ಸಣ್ಣ ಕಂಪೆನಿಗಾಗಿ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರು ನಕ್ಷೆ ತಯಾರಿಸಿದರು. ಮೊದಲ ಮಾದರಿ ಅದೇ ಸೆಪ್ಟೆಂಬರಿನಲ್ಲಿ ಸೇನೆಯ ಕೈಸೇರಿತು. ಮುಂದೆ ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳು ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಬೆಂಗಳೂರಿಗೂ ಆ ಯುದ್ಧದ ನಂಟಿತ್ತು. ಇಲ್ಲಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ಸೇನೆಯ ವಾಯುಪಡೆ ವಹಿಸಿಕೊಂಡು ವಿಮಾನಗಳ ದುರಸ್ತಿ ನಡೆಸಿತು.

ಆದರೆ ಸಂಭವ ಬೇರೆ, ಸಾಕ್ಷ್ಯ ಬೇರೆ. ಆದ್ದರಿಂದ ನಾವು ಜೀಪನ್ನೇ ವಿಚಾರಿಸಿದೆವು.

ಸ್ಟಿಯರಿಂಗ್ ಎಡಗಡೆ ಇತ್ತು. ಇದನ್ನೇ ಅಮೆರಿಕದ ಗುರುತೆಂದು ಹಲವರು ನಂಬುತ್ತಾರೆ. ಇದು ಸಾಲದು, ನಮ್ಮ ದೇಶದಲ್ಲಿ ತಯಾರಾದ ಹಳೆಯ ಜೀಪುಗಳಲ್ಲಿಯೂ ಎಡಗಡೆ ಸ್ಟಿಯರಿಂಗ್ ಇದ್ದವು ಬಹಳ. ಮುಂಭಾಗದ ಜಾಲರಿಯನ್ನು ನೋಡಿದೆವು. ಯುದ್ಧಕಾಲದ ಜೀಪಿನ ಅಚ್ಚೊತ್ತಿದ ಜಾಲರಿಯಲ್ಲಿ ಒಂಬತ್ತು ಸೀಳುಗಳಿದ್ದವು, ಇದರಲ್ಲಿದ್ದದ್ದು ಏಳು. ಯುದ್ಧದ ಜೀಪಿನ ಹಿಂಬದಿಯಲ್ಲಿ ತೆರೆಯುವ ಬಾಗಿಲಿಲ್ಲ, ಅಲ್ಲಿ ಸ್ಟೆಪ್ನಿ ತೂಗುತ್ತದೆ, ಇದರಲ್ಲಿ ಬಾಗಿಲಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ಬಾನೆಟ್ಟು ಎತ್ತರವಾಗಿತ್ತು. ಒಳಗಿದ್ದದ್ದು ‘ಹರಿಕೇನ್’ ಪೆಟ್ರೋಲ್ ಎಂಜಿನ್. ಯುದ್ಧದ ಜೀಪಿನ ಎಂಜಿನ್ನಿನಲ್ಲಿ ಎಲ್ಲ ಕವಾಟಗಳೂ ಪಕ್ಕದಲ್ಲಿದ್ದವು. ಹರಿಕೇನ್‌ನಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಒಳಗೆ ಬರುವ ಕವಾಟವನ್ನು ಮೇಲೆ ಕೂರಿಸಿದ್ದರಿಂದ ಎಂಜಿನ್ ಎತ್ತರವಾಯಿತು. ಅದರೊಂದಿಗೆ ಬಾನೆಟ್ಟೂ ಏರಿತು. ಈ ಮಾದರಿಯ ಹೆಸರು ಸಿಜೆ-3ಬಿ. ವಿಲ್ಲಿಸ್ ಕಂಪೆನಿ ಅದನ್ನು ಹೊರತಂದದ್ದು 1953ರಲ್ಲಿ.

ಅಲ್ಲಿಗೆ 1944 ಎಂಬುದು ಬಿದ್ದುಹೋಯಿತು. ಯಜಮಾನರ ಮುಖ ಸಣ್ಣದಾಯಿತು. ಬೆಲೆ ಇಳಿಯುವುದಕ್ಕಿಂತ ತಂದೆಯ ಮಾತು ಸುಳ್ಳಾಯಿತಲ್ಲ ಎಂಬುದೇ ಅವರ ನೋವು.

ಆದರೆ ಒಂದು ಕಥೆ ಹೋದಲ್ಲಿ ಇನ್ನೊಂದು ಇತಿಹಾಸ ತೆರೆದುಕೊಂಡಿತು. 1945ರಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಎಂಬ ಕಂಪೆನಿ ಸ್ಥಾಪನೆಯಾಯಿತು. ದೇಶವಿಭಜನೆಯ ನಂತರ ಪಾಲುದಾರರಾದ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಅರ್ಥಮಂತ್ರಿಯಾದರು. 1948ರಲ್ಲಿ ಕಂಪೆನಿ ಮಹೀಂದ್ರ ಅಂಡ್ ಮಹೀಂದ್ರ ಎಂದಾಯಿತು. ಜಯನಗರಕ್ಕೆ ಶಂಕುಸ್ಥಾಪನೆಯಾದದ್ದೂ ಅದೇ ವರ್ಷ! ವಿಲ್ಲಿಸ್ ಜೀಪಿನ ಬಿಡಿಭಾಗಗಳು ಮುಂಬಯಿಗೆ ಬಂದು ಅಲ್ಲಿ ಜೋಡಣೆಯಾಗತೊಡಗಿದವು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಬಿ.ಡಿ.ಓ. ಸಾಹೇಬರ ಜೀಪು ಹಳ್ಳಿಹಳ್ಳಿಗೂ ಪರಿಚಿತವಾಯಿತು. ಯುದ್ಧಕ್ಕಾಗಿ ಹುಟ್ಟಿದ ವಾಹನ ಸ್ವತಂತ್ರ ಭಾರತದಲ್ಲಿ ಬಿತ್ತನೆ ಬೀಜವನ್ನೂ ಮತಪೆಟ್ಟಿಗೆಯನ್ನೂ ಹೊತ್ತಿತು.

ಇನ್ನು ಅದರ ವಿಜ್ಞಾನ. ಗೇರ್ ಹಿಡಿಯ ಪಕ್ಕದಲ್ಲಿ ಇನ್ನೆರಡು ಸಣ್ಣ ಹಿಡಿಗಳಿದ್ದವು. ಒಂದು ಮುಂದಿನ ಚಕ್ರಗಳಿಗೂ ಬಲವನ್ನು ಕೂಡಿಸುತ್ತದೆ. ಇನ್ನೊಂದು ವೇಗವನ್ನು ಸುಮಾರು ಎರಡೂವರೆ ಪಟ್ಟು ತಗ್ಗಿಸಿ, ಎಳೆಯುವ ಬಲವನ್ನು ಹೆಚ್ಚುಕಡಿಮೆ ಅಷ್ಟೇ ಪಟ್ಟು ಹೆಚ್ಚಿಸುತ್ತದೆ. ಹಿಂದಿನ ಚಕ್ರ ಕೆಸರಿನಲ್ಲಿ ಸುಮ್ಮನೆ ತಿರುಗಿದರೂ ಮುಂದಿನದು ಗಾಡಿಯನ್ನು ಎಳೆದೊಯ್ಯುತ್ತದೆ. ಒಣ ಡಾಂಬರು ರಸ್ತೆಯಲ್ಲಿ ಮಾತ್ರ ಇದು ಸಲ್ಲದು. ಏಕೆ ಬಲ್ಲಿರಾ? ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಎರಡನ್ನೂ ಒಂದೇ ವೇಗಕ್ಕೆ ಕಟ್ಟಿಹಾಕಿದರೆ ಟೈರು ಸವೆಯುತ್ತದೆ, ಗೇರುಗಳು ಬಿಗಿಯುತ್ತವೆ. ಕೆಸರಿನಲ್ಲಾದರೆ ಚಕ್ರ ತುಸು ಜಾರಿ ಹೊಂದಿಕೊಳ್ಳುತ್ತದೆ.

ನಮ್ಮಲ್ಲಿ ಅನೇಕ ಹಳೆಯ ಜೀಪುಗಳಿಗೆ ಖರ್ಚು ಉಳಿಸಲು ಡೀಸೆಲ್ ಎಂಜಿನ್ ಕೂರಿಸಲಾಯಿತು. ಓಡಿಸಿ ದುಡಿಯುವವರಿಗೆ ಅದು ಅನಿವಾರ್ಯವಾಗಿತ್ತು; ತಪ್ಪೆನ್ನಲಾಗದು. ಆದರೆ ಪ್ರತಿ ಬದಲಾವಣೆಯೊಂದಿಗೆ ಒಂದಿಷ್ಟು ಸಾಕ್ಷ್ಯವೂ ಅಳಿಯಿತು. ಕಾನೂನು ಕೂಡ ಇದನ್ನು ಗಮನಿಸಿದೆ. 2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಸ್ವಂತ ಬಳಕೆಯ ವಾಹನವನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಫಲಕದಲ್ಲಿ ‘ವಿಎ’ ಅಕ್ಷರಗಳಿರುತ್ತವೆ. ಆದರೆ ಚಾಸಿ, ಬಾಡಿ, ಎಂಜಿನ್‌ಗಳು ಮೂಲರೂಪದಲ್ಲಿರಬೇಕು. ಹೊಳೆಯುವ ಹೊಸ ಬಣ್ಣವನ್ನೇ ಸುಸ್ಥಿತಿ ಎಂದು ತಿಳಿಯುವವರು ಇದನ್ನು ನೆನಪಿಡಬೇಕು. ಆ ಯಜಮಾನರ ಜೀಪು ಬಣ್ಣ ಮಾಸಿದ್ದರೂ ಎಂಜಿನ್ ಬದಲಾಗದೆ ಉಳಿದಿತ್ತು.

ಇದನ್ನೆಲ್ಲ ಅವರಿಗೆ ವಿವರಿಸಿದೆವು. “ಹಾಗಾದರೆ ಅಪ್ಪ ಏಕೆ ಹಾಗೆ ಹೇಳಿದರು?” ಎಂದು ಕೇಳಿದರು. ಮಾರಿದವರು ಹೇಳಿದ್ದನ್ನು ಅವರೂ ನಂಬಿರಬಹುದು. ನೋಂದಣಿ ಪುಸ್ತಕವನ್ನು ಜೋಪಾನವಾಗಿಟ್ಟು ಹೋದವರೂ ಅವರೇ ಅಲ್ಲವೇ? ಸ್ವಲ್ಪ ಹೊತ್ತು ಸುಮ್ಮನಿದ್ದು ಯಜಮಾನರು ಪೆನ್ನು ತಂದರು. ಚೀಟಿಯಲ್ಲಿನ ‘1944ರ ಮಿಲಿಟರಿ ಜೀಪು’ ಎಂಬುದನ್ನು ಹೊಡೆದು, ‘1964ರ ಜೀಪು, ಮೂಲ ಎಂಜಿನ್’ ಎಂದು ಬರೆದರು.

ನಿಮ್ಮ ಬೀದಿಯಲ್ಲಿಯೂ ಇಂಥ ಹಳೆಯ ವಾಹನ ಇದ್ದೀತು. ಮಾಲೀಕರ ಅನುಮತಿ ಪಡೆದು ನೋಡಿ. ಅವರು ಹೇಳುವ ಕಥೆಯನ್ನೂ ವಾಹನ ತೋರಿಸುವ ಗುರುತುಗಳನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಿ. ಎರಡೂ ಎಲ್ಲಿ ಹೊಂದುವುದಿಲ್ಲವೋ ಅಲ್ಲಿಂದ ನಿಮ್ಮ ಇತಿಹಾಸದ ಪಾಠ ಶುರುವಾಗುತ್ತದೆ.